ಫ್ರಾಂಕ್ಲಿನ್ ಮುಂದೂಡಿದ ಒಂದು ನಿರ್ಧಾರ

ಗಾಳಿಪಟ ಹಾರಿಸಿ ಮಿಂಚಿನ ಗುಟ್ಟನ್ನು ಬಯಲಿಗೆಳೆದ ಬೆಂಜಮಿನ್ ಫ್ರಾಂಕ್ಲಿನ್ (1706–1790) ನಮಗೆ ಶಾಲೆಯ ದಿನಗಳಿಂದಲೇ ಪರಿಚಿತ. ಮುದ್ರಕ, ಪತ್ರಕರ್ತ, ವಿಜ್ಞಾನಿ, ರಾಜತಂತ್ರಜ್ಞ ಎಂದು ಆತನನ್ನು ಸ್ಮರಿಸುವವರು ಬಹಳ. ನಾಲ್ಕು ವರ್ಷದ ಮಗನನ್ನು ಸಿಡುಬಿಗೆ ಕಳೆದುಕೊಂಡ ತಂದೆ ಎಂಬುದನ್ನು ಬಲ್ಲವರು ವಿರಳ. ಮಕ್ಕಳ ವೈದ್ಯನಾದ ನನಗೆ, ಲಸಿಕೆಯ ಕುರಿತು ಹೆತ್ತವರು ಪ್ರಶ್ನೆ ಕೇಳಿದಾಗಲೆಲ್ಲ ನೆನಪಾಗುವುದು ಆ ತಂದೆಯೇ.

ಫ್ರಾಂಕ್ಲಿನ್ ಹುಟ್ಟಿದ್ದು ಬಾಸ್ಟನ್‌ನಲ್ಲಿ. 1721ರಲ್ಲಿ ಆ ಊರಿಗೆ ಸಿಡುಬು ಬಂದಾಗ ಆತ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ 15ರ ಹುಡುಗ. ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಗೀರಿ ಸೇರಿಸಿದರೆ ಸೌಮ್ಯ ರೂಪದ ಸಿಡುಬು ಬಂದು ಮುಂದೆ ರಕ್ಷಣೆ ದೊರೆಯುತ್ತದೆಂಬ ಸಂಗತಿಯನ್ನು ಪಾದ್ರಿ ಕಾಟನ್ ಮೇದರ್, ಆಫ್ರಿಕಾ ಮೂಲದ ತನ್ನ ಗುಲಾಮ ಒನೆಸಿಮಸ್‌ನಿಂದ ತಿಳಿದಿದ್ದ. ವೈದ್ಯ ಬಾಯ್ಲ್‌ಸ್ಟನ್ ಅದನ್ನು ಮೊದಲು ತನ್ನ ಮಗನ ಮೇಲೆಯೇ ಪ್ರಯೋಗಿಸಿದ. ಊರು ಕೆರಳಿತು, ಮೇದರ್ ಮನೆಯೊಳಕ್ಕೆ ಸಿಡಿಗುಂಡು ಎಸೆದರು. ಜೇಮ್ಸ್‌ನ ಪತ್ರಿಕೆ ವಿರೋಧಿಗಳ ವೇದಿಕೆಯಾಯಿತು. ಆದರೆ ಅಂಕಿಗಳು ಬೇರೆಯದನ್ನೇ ಹೇಳಿದವು. ಸುಮಾರು 11,000 ಜನರಿದ್ದ ಊರಿನಲ್ಲಿ 5,800ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ 844 ಮಂದಿ ಸತ್ತರು. ಅಂದರೆ ಏಳರಲ್ಲಿ ಒಬ್ಬರು. ಕೀವಿನ ಚುಚ್ಚು ಹಾಕಿಸಿಕೊಂಡ ಸುಮಾರು 240 ಮಂದಿಯಲ್ಲಿ ಸತ್ತವರು ಆರು. ಅಂದರೆ ನಲವತ್ತರಲ್ಲಿ ಒಬ್ಬರು.

ಮುಂದೆ ಫಿಲಡೆಲ್ಫಿಯಾದಲ್ಲಿ ನೆಲೆಸಿ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆ ನಡೆಸಿದ ಫ್ರಾಂಕ್ಲಿನ್ ಈ ವಿಧಾನದ ಸಮರ್ಥಕನಾದ. 1732ರಲ್ಲಿ ಹುಟ್ಟಿದ ಮಗ ಫ್ರಾನ್ಸಿಸ್‌ಗೆ ಚುಚ್ಚು ಹಾಕಿಸುವ ಮನಸ್ಸು ಅವನಿಗಿತ್ತು. ಮಗು ಆಮಶಂಕೆಯಿಂದ ಬಳಲುತ್ತಿತ್ತು. ಚೇತರಿಸಿಕೊಳ್ಳಲಿ ಎಂದು ಕಾದ. ಸಿಡುಬು ಕಾಯಲಿಲ್ಲ. 1736ರ ನವೆಂಬರ್ 21ರಂದು ಫ್ರಾನ್ಸಿಸ್ ತೀರಿಕೊಂಡ.

ಆ ಬಳಿಕ ಎದ್ದ ಗಾಳಿಸುದ್ದಿ ಇನ್ನೂ ಕ್ರೂರ. ಚುಚ್ಚಿನಿಂದಲೇ ಮಗು ಸತ್ತಿತೆಂದು ಊರು ಮಾತಾಡಿಕೊಂಡಿತು. ಇದನ್ನು ನಂಬಿ ಉಳಿದವರು ಹಿಂಜರಿದಾರೆಂದು, ದುಃಖದ ನಡುವೆಯೇ ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ ಸ್ಪಷ್ಟನೆ ಪ್ರಕಟಿಸಿದ: ಮಗುವಿಗೆ ಚುಚ್ಚು ಹಾಕಿಸಿರಲಿಲ್ಲ, ಸಿಡುಬು ಸಹಜವಾಗಿಯೇ ತಗುಲಿತ್ತು. ಮಗಳು ಸಾರಾಳಿಗೆ ಚುಚ್ಚು ಹಾಕಿಸಲು ಆತ ತಪ್ಪಲಿಲ್ಲ. 1759ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಜೊತೆಗೂಡಿ ಈ ಕುರಿತು ಕಿರುಹೊತ್ತಗೆಯನ್ನೂ ಹೊರತಂದ. ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗ ಮತ್ತೆ ಮಗನ ಕಡೆಗೆ ತಿರುಗಿದ. ಮಗುವಿಗೆ ತನ್ನ ಕೈಯಾರೆ ಕೇಡಾದರೆ ಹೇಗೆಂಬ ಭಯದಿಂದ ಹಿಂಜರಿಯುವ ಹೆತ್ತವರು ತನ್ನನ್ನು ನೋಡಲಿ ಎಂಬುದು ಆತನ ಇಂಗಿತ. ಹಾಕಿಸಿ ಕಳೆದುಕೊಂಡರೂ, ಹಾಕಿಸದೆ ಕಳೆದುಕೊಂಡರೂ ಪಶ್ಚಾತ್ತಾಪ ಒಂದೇ. ಹಾಗಿದ್ದ ಮೇಲೆ ಅಪಾಯ ಕಡಿಮೆಯಿರುವ ದಾರಿಯನ್ನೇ ಹಿಡಿಯಬೇಕು ಎಂಬುದು ಆತನ ವಾದ.

ಇಂದಿನ ಹೆತ್ತವರ ಪ್ರಶ್ನೆಗಳ ಬೇರಿನಲ್ಲಿರುವುದೂ ಇದೇ ಭಯ. ಆದರೆ ತಕ್ಕಡಿ ಬದಲಾಗಿದೆ. ಅಂದಿನ ಚುಚ್ಚು ನಿಜವಾದ ಸಿಡುಬೇ ಆಗಿದ್ದರಿಂದ ಬಳಲಿದ ಮಗುವಿನ ವಿಷಯದಲ್ಲಿ ಕಾಯುವುದಕ್ಕೆ ಅರ್ಥವಿತ್ತು. 1796ರಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಲಸಿಕೆ ತಂದ ಮೇಲೆ ಆ ಅಪಾಯ ಬಹುಪಾಲು ಇಳಿಯಿತು. ಇಂದಿನ ಲಸಿಕೆಗಳಿಂದ ಜ್ವರ, ಚುಚ್ಚಿದ ಕಡೆ ನೋವು, ಊತ ಸಾಮಾನ್ಯ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸ್‌ಗಳಲ್ಲಿ ಒಂದರ ಆಸುಪಾಸು. ಅದನ್ನು ಎದುರಿಸಲೆಂದೇ ಲಸಿಕೆಯ ನಂತರ ಅರ್ಧ ಗಂಟೆ ಕೂರಿಸುತ್ತೇವೆ. ಸಣ್ಣ ನೆಗಡಿ, ಲಘು ಭೇದಿ, ಮೈಬೆಚ್ಚಗಾದದ್ದು ಲಸಿಕೆ ಮುಂದೂಡಲು ಕಾರಣವಲ್ಲ. ತೀವ್ರ ಕಾಯಿಲೆಯಿದ್ದರೆ ಮಾತ್ರ ವೈದ್ಯರು ಕೆಲದಿನ ತಡೆಯುತ್ತಾರೆ.

ಕಾಣದ ರೋಗಕ್ಕೆ ಲಸಿಕೆ ಏಕೆ ಎಂಬುದು ಇನ್ನೊಂದು ಪ್ರಶ್ನೆ. ಸಿಡುಬು ಜಗತ್ತಿನಿಂದಲೇ ಅಳಿದಿದೆಯೆಂದು 1980ರಲ್ಲಿ ಘೋಷಣೆಯಾದ ಮೇಲೆ ಅದರ ಲಸಿಕೆಯನ್ನು ಮಕ್ಕಳಿಗೆ ಹಾಕುವುದು ನಿಂತಿತು, ನಿಜ. ದಡಾರ ಹಾಗೆ ಅಳಿದಿಲ್ಲ. ಅದನ್ನು ತಡೆಯಲು ನೂರರಲ್ಲಿ 95 ಮಂದಿಗಾದರೂ ಎರಡು ಡೋಸ್ ಆಗಿರಬೇಕು. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವದಂತಿಗಳನ್ನು ನೋಡಿದರೆ ಫಿಲಡೆಲ್ಫಿಯಾದ ಗಾಳಿಸುದ್ದಿ ನಮಗೆ ಅಪರಿಚಿತವೆನಿಸದು.

ಫ್ರಾನ್ಸಿಸ್ ಸತ್ತು 36 ವರ್ಷಗಳಾದ ಮೇಲೂ ತಂಗಿಗೆ ಬರೆದ ಪತ್ರದಲ್ಲಿ ಫ್ರಾಂಕ್ಲಿನ್ ಅವನನ್ನು ನೆನೆದು ನಿಟ್ಟುಸಿರಿಟ್ಟಿದ್ದಾನೆ. ವಿಜ್ಞಾನ ಬಲ್ಲವನಿಗೂ, ನಿರ್ಧಾರ ಸರಿಯಾಗಿದ್ದವನಿಗೂ ವಿಳಂಬ ಇಷ್ಟು ದುಬಾರಿಯಾಯಿತು. ಮಗುವಿನ ಲಸಿಕೆ ಕಾರ್ಡಿನಲ್ಲಿ ದಿನಾಂಕ ಮೀರಿದ ಖಾಲಿ ಜಾಗವೊಂದು ಕಂಡರೆ, ಅದನ್ನು ಈ ವಾರವೇ ತುಂಬಿಸಿ ಎಂದಷ್ಟೇ ನನ್ನ ಕೋರಿಕೆ.