ಲಕ್ಷ್ಮಣರಾವ್ ಕಿರ್ಲೋಸ್ಕರ್: ಛಲದ ಎರಡು ಮುಖ

ಉದ್ಯಮಿಗೆ ಇರಬೇಕಾದ ಗುಣಗಳನ್ನು ನಾವು ವಾಣಿಜ್ಯ ವಿಭಾಗದವರು ಪಾಠದಲ್ಲಿ ಓದಿದ್ದೇವೆ: ಧೈರ್ಯ, ಛಲ, ಹೊಸತನ, ಅಪಾಯ ಎದುರಿಸುವ ಶಕ್ತಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇದೇ ಗುಣಗಳು ಮನುಷ್ಯನನ್ನು ಮುಳುಗಿಸಲೂಬಹುದು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಜೀವನದಲ್ಲಿ ಎರಡೂ ಕಾಣುತ್ತವೆ.

ಅವರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಕೆಲವು ಬಣ್ಣಗಳನ್ನು ಗುರುತಿಸಲಾಗದ ದೃಷ್ಟಿದೋಷ ಇದ್ದುದರಿಂದ ಅದನ್ನು ಬಿಡಬೇಕಾಯಿತು. ಆದರೆ ಯಂತ್ರಗಳ ನಕ್ಷೆ ಬಿಡಿಸಲು ಬಣ್ಣ ಬೇಕಿಲ್ಲ. ಅದನ್ನೇ ಕಲಿತು, ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು.

1888ರಲ್ಲಿ ಅಣ್ಣ ರಾಮಣ್ಣನವರ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾಯಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರು ಕೂಡಲೇ ನೌಕರಿ ಬಿಡಲಿಲ್ಲ. ತಮ್ಮ ಮುಂಬೈಯಲ್ಲಿ, ಅಣ್ಣ ಅಂಗಡಿಯಲ್ಲಿ. ಮುಂದೆ ತಮಗೆ ಸಿಗಬೇಕಿದ್ದ ಬಡ್ತಿ ಬೇರೊಬ್ಬರಿಗೆ ಹೋದಾಗ ಸ್ವಾಭಿಮಾನದಿಂದ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು.

ಅಲ್ಲಿ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಿಸಿದರು. ನಮ್ಮ ಕುರ್ತಕೋಟಿಯ ಎರೆಭೂಮಿಯಲ್ಲಿ ರೆಂಟೆ ಹೊಡೆಯುವ ಕಷ್ಟ ಗೊತ್ತಿದ್ದವರಿಗೆ ಅದರ ಬೆಲೆ ತಿಳಿಯುತ್ತದೆ. ಆದರೆ ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು 2 ವರ್ಷ ಹಿಡಿಯಿತು. ಅವರು ಛಲ ಬಿಡಲಿಲ್ಲ.

ಅಷ್ಟರಲ್ಲಿ ಬೆಳಗಾವಿಯ ಜಾಗವನ್ನೂ ಬಿಡಬೇಕಾಯಿತು. ಕೈಯಲ್ಲಿ ಬಂಡವಾಳ ಇರಲಿಲ್ಲ. ಛಲದ ಇನ್ನೊಂದು ಮುಖ ಇದು. ಆಗ ಔಂಧ್ ಸಂಸ್ಥಾನದ ರಾಜರು ಬಡ್ಡಿ ಇಲ್ಲದೆ 10,000 ರೂಪಾಯಿ ಸಾಲ ಮತ್ತು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಬರಡು ಭೂಮಿ ಕೊಟ್ಟರು. ಪಾಪಾಸುಕಳ್ಳಿ, ಹಾವು ತುಂಬಿದ್ದ ಆ ಜಾಗದಲ್ಲಿ 1910ರಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಅಸ್ಪೃಶ್ಯತೆಗೆ ಅಲ್ಲಿ ಜಾಗ ಇರಲಿಲ್ಲ. ಜೈಲಿನಿಂದ ಬಿಡುಗಡೆಯಾದವರಿಗೂ ಕಾವಲುಗಾರರ ಕೆಲಸ ಸಿಕ್ಕಿತು. 1956ರಲ್ಲಿ ಅವರು ತೀರಿಕೊಂಡರು.

ರಾಜರ ಸಹಾಯ ಸಿಗದಿದ್ದರೆ ಜನ ಇದೇ ಛಲವನ್ನು ಹುಚ್ಚು ಎನ್ನುತ್ತಿದ್ದರು. ನಮ್ಮ ಚಾಚಾ ಕೂಡ ಛಲದವರೇ. ಚಾಚಿಯ ಒಡವೆ ಮಾರಿ ಒಂದು ಮಷೀನ್ ತಂದರು. ಒಂದೇ ವರ್ಷದಲ್ಲಿ ಅಂಗಡಿ ಮುಚ್ಚಿತು. ಈಗ ನಾನು ಸ್ವಂತ ವ್ಯಾಪಾರದ ಮಾತು ಎತ್ತಿದರೆ ಅಬ್ಬಾ ಮೌನವಾಗುತ್ತಾರೆ. ಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಅವರ ಭಯ ಅರ್ಥವಾಗುತ್ತದೆ. ಚಾಚಾಗೆ ಧೈರ್ಯ ಕಡಿಮೆ ಇರಲಿಲ್ಲ; ಕೈ ಹಿಡಿಯುವ ನೌಕರಿಯೂ, ಅಂಗಡಿ ನೋಡುವ ಅಣ್ಣನೂ, ಸಾಲ ಕೊಡುವ ರಾಜನೂ ಇರಲಿಲ್ಲ.

ಗೆಳೆಯರೆ, ಛಲ ಬೇಕು. ಆದರೆ ಛಲ ಹಿಡಿಯುವ ಮೊದಲು, ಸೋತರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಲೆಕ್ಕವನ್ನೂ ನಾವು ಬರೆದಿಡಬೇಕು.