ಲಿಯೋ ಕ್ಯಾನರ್: ಅನುಕರಣೆಯಲ್ಲಿ ಅರ್ಥ ಹುಡುಕಿದ ವೈದ್ಯ

ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಯ ಒಬ್ಬ ಹುಡುಗ ಎಲ್ಲರೂ ನಕ್ಕ ಮೇಲೆ ನಗುತ್ತಿದ್ದ. ಪಕ್ಕದವನು ಕೈ ಎತ್ತಿದರೆ ತಾನೂ ಎತ್ತಿ, ಅವನ ಉತ್ತರವನ್ನು ಅವನದೇ ಧಾಟಿಯಲ್ಲಿ ಒಪ್ಪಿಸುತ್ತಿದ್ದ. ಅಣಕಿಸುತ್ತಿದ್ದಾನೆಂದು ತಿಳಿದು ಗದರಿದೆ. ಅಂದಿನಿಂದ ಅವನು ಬಾಯಿ ಬಿಡಲಿಲ್ಲ. ಆಮೇಲೆ ಲಿಯೋ ಕ್ಯಾನರ್ ಅವರ ಜೀವನ ಓದಿದಾಗ, ನಾನು ದುಡುಕಿದೆನೆಂದು ತಿಳಿಯಿತು.

ಕ್ಯಾನರ್ 1894ರಲ್ಲಿ ಅಂದಿನ ಆಸ್ಟ್ರಿಯಾ-ಹಂಗೇರಿಯ, ಈಗ ಉಕ್ರೇನಿಗೆ ಸೇರಿದ ಹಳ್ಳಿಯಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದರು. ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರ ಓದಿ, 1924ರಲ್ಲಿ ಅಮೆರಿಕಕ್ಕೆ ಹೋದರು. 1930ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಆರಂಭಿಸಿದರು. 1935ರಲ್ಲಿ ಆ ವಿಷಯದ ಪಠ್ಯಪುಸ್ತಕ ಬರೆದರು.

1943ರಲ್ಲಿ 11 ಮಕ್ಕಳನ್ನು ಕುರಿತ ಅವರ ಲೇಖನ ಪ್ರಕಟವಾಯಿತು. ಸ್ವಲೀನತೆ, ಅಂದರೆ ಆಟಿಸಂ, ಒಂದು ಪ್ರತ್ಯೇಕ ಸ್ಥಿತಿಯೆಂದು ವೈದ್ಯಲೋಕ ಗುರುತಿಸಿದ್ದು ಮುಖ್ಯವಾಗಿ ಅದರಿಂದ. ಆ ಮಕ್ಕಳಲ್ಲಿ ಕೆಲವರು ಕೇಳಿದ ಮಾತನ್ನು ಹಾಗೆಯೇ ಮರಳಿಸುತ್ತಿದ್ದರು. ತಮ್ಮನ್ನು ನಾನು ಎನ್ನದೆ ನೀನು ಎನ್ನುತ್ತಿದ್ದರು. ಗಿಳಿಪಾಠವೆಂದು ತಳ್ಳಿಹಾಕಬಹುದಾದ ಆ ಮಾತುಗಳ ಬೇರನ್ನು ಕ್ಯಾನರ್ ಮಕ್ಕಳ ಅನುಭವದಲ್ಲಿ ಹುಡುಕಿದರು. ಅಸಂಬದ್ಧವೆನಿಸುವ ಮಾತಿಗೂ ಮಗುವಿನ ಮಟ್ಟಿಗೆ ಅರ್ಥವಿರುತ್ತದೆಂದು 1946ರಲ್ಲಿ ತೋರಿಸಿದರು.

ಅವರೂ ತಪ್ಪಿದರು. ತಂದೆತಾಯಿಯರ ಭಾವಶೂನ್ಯತೆಯನ್ನು ಅತಿಯಾಗಿ ಎತ್ತಿ ಬರೆದರು. ಅದರಿಂದ ಎಷ್ಟೋ ತಾಯಂದಿರು ದೂಷಣೆಗೆ ಗುರಿಯಾದರು. 1969ರಲ್ಲಿ ಪೋಷಕರ ಸಭೆಯಲ್ಲೇ ಅವರನ್ನು ದೋಷಮುಕ್ತರೆಂದು ಸಾರಿದರು.

ನನ್ನನ್ನು ತಟ್ಟಿದ್ದು ಅವರ 1972ರ ಅಧ್ಯಯನ. ತಮ್ಮಲ್ಲಿಗೆ ಬಂದಿದ್ದ 96 ಮಂದಿ ಬೆಳೆದು ಏನಾದರೆಂದು ಕ್ಯಾನರ್ ಮತ್ತು ಸಹೋದ್ಯೋಗಿಗಳು ವಿಚಾರಿಸಿದರು. ಸಮಾಜದಲ್ಲಿ ಬೆರೆತು ಬದುಕಿದ ಕೆಲವರು ಹದಿವಯಸ್ಸಿನಲ್ಲಿ ತಮ್ಮ ಬೇರೆತನವನ್ನು ತಾವೇ ಅರಿತಿದ್ದರು. ಗೆಳೆಯರಿರಬೇಕೆಂಬ ನಿರೀಕ್ಷೆಯನ್ನು ಗಮನಿಸಿ, ಬುದ್ಧಿಪೂರ್ವಕ ಪ್ರಯತ್ನದಿಂದ ಜನರೊಡನೆ ನಡೆಯುವುದನ್ನು ಕಲಿತಿದ್ದರು. ಉಳಿದವರಿಗೆ ಸಹಜವಾಗಿ ಬರುವುದು ಇವರಿಗೆ ದುಡಿಮೆಯಾಗಿತ್ತು. ಕ್ಯಾನರ್ 1981ರಲ್ಲಿ ತೀರಿಕೊಂಡರು. ಇತರರ ನಗು, ನೋಟ, ಮಾತಿನ ಧಾಟಿಯನ್ನು ನಕಲು ಮಾಡುತ್ತ ದಿನ ಕಳೆಯುವುದು ಎಷ್ಟು ದಣಿಸುತ್ತದೆಂದು ಸ್ವಲೀನತೆಯುಳ್ಳವರೇ ಬರೆದದ್ದು ಬಹುಮಟ್ಟಿಗೆ ಆಮೇಲೆ.

ನನ್ನ ತರಗತಿಯ ಹುಡುಗನಿಗೆ ಸ್ವಲೀನತೆ ಇದೆಯೋ ಇಲ್ಲವೋ ಎಂದು ನಿರ್ಣಯಿಸುವುದು ನನ್ನ ಕೆಲಸವಲ್ಲ. ಆದರೆ ಮುಂದಿನ ಪಾಠಯೋಜನೆಯಲ್ಲಿ ಒಂದು ಬದಲಾವಣೆ ಮಾಡಿದೆ: ಕೇಳಲಿರುವ ಪ್ರಶ್ನೆಯನ್ನು ಹಿಂದಿನ ದಿನವೇ ಎಲ್ಲರಿಗೂ ಕೊಟ್ಟು, ಉತ್ತರವನ್ನು ಬರೆದು ತೋರಿಸಿದರೂ ಸಾಕೆಂದೆ. ಅವನು ಪಕ್ಕಕ್ಕೆ ನೋಡದೆ ಎರಡು ಸಾಲು ಬರೆದು ತಂದ. ಅವು ಅವನವೇ ಸಾಲುಗಳು.