ವಜ್ರದ ದೋಷ, ರಾಮನ್ ಅವರ ಹಟ

ಮೇಖ್ರಿ ವೃತ್ತದ ಸಮೀಪದ ರಾಮನ್ ಸಂಶೋಧನಾ ಸಂಸ್ಥೆಯ ಮುಂದೆ ಹಾದುಹೋದಾಗಲೆಲ್ಲ ನನಗೆ ನೆನಪಾಗುವುದು ನೊಬೆಲ್ ಪದಕವಲ್ಲ, ವಜ್ರಗಳು. ಸಿ.ವಿ. ರಾಮನ್ ಎಂದೊಡನೆ ಕಡಲಿನ ನೀಲಿ, 1928ರ ಫೆಬ್ರುವರಿ 28, 1930ರ ನೊಬೆಲ್ ಇಷ್ಟನ್ನು ಒಪ್ಪಿಸಿ ನಾವು ಸುಮ್ಮನಾಗುತ್ತೇವೆ. ಆ ಬಳಿಕವೂ ಅವರು ನಾಲ್ಕು ದಶಕ ಬದುಕಿದ್ದರು, ಬಹುಪಾಲು ಬೆಂಗಳೂರಿನಲ್ಲೇ.

1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1907ರಿಂದ ಕಲ್ಕತ್ತೆಯಲ್ಲಿ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿ. ಕಚೇರಿಗೆ ಮುನ್ನ ಮತ್ತು ಕಚೇರಿಯ ನಂತರ ಪ್ರಯೋಗಾಲಯ. 1917ರಲ್ಲಿ ಆ ಹುದ್ದೆ ತೊರೆದು ಪ್ರಾಧ್ಯಾಪಕರಾದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಇಲ್ಲಿಗೆ ಬಂದರು. ನಾಲ್ಕೇ ವರ್ಷಗಳಲ್ಲಿ ಆ ಪದವಿಯಿಂದ ಇಳಿಯಬೇಕಾಯಿತು. ಆದರೆ 1948ರವರೆಗೂ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಅಲ್ಲಿಯೇ ಉಳಿದರು. ಆ ವರ್ಷಗಳಲ್ಲಿ ಅವರನ್ನು ಆವರಿಸಿದ ಮೋಹವೇ ವಜ್ರ.

ಅವರು ನೂರಾರು ವಜ್ರಗಳನ್ನು ಕೂಡಿಹಾಕಿದರು. ಅತಿನೇರಳೆ ಬೆಳಕು ಬಿದ್ದೊಡನೆ ಕೆಲವು ನೀಲಿಯಾಗಿ, ಕೆಲವು ಹಸಿರಾಗಿ ಹೊಳೆಯುತ್ತಿದ್ದವು. ಕೆಲವು ಕತ್ತಲಾಗಿಯೇ ಉಳಿಯುತ್ತಿದ್ದವು. ಈ ಭೇದವೇಕೆ? ಅವರ ಶಿಷ್ಯೆ ಅನ್ನಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತವನ್ನು ದಾಖಲಿಸಿದರು. ಒಂದೊಂದು ಛಾಯಾಫಲಕಕ್ಕೆ ಹದಿನೈದು, ಇಪ್ಪತ್ತು ಗಂಟೆಗಳ ಕಾಯುವಿಕೆ. ಅಷ್ಟು ದುಡಿದ ಆಕೆಗೆ, ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ದೊರೆಯಲಿಲ್ಲ.

ಅಳತೆಗಳು ನಿಖರವಾಗಿದ್ದವು. ಎಡವಿದ್ದು ವಿವರಣೆಯಲ್ಲಿ. ಹೊಳಪು ವಜ್ರದ ಸ್ವಂತ ರಚನೆಯಿಂದಲೇ ಬರುತ್ತದೆ, ಇಂಗಾಲದ ಪರಮಾಣುಗಳ ಜೋಡಣೆಯಲ್ಲೇ ಭೇದಗಳಿವೆ ಎಂದು ರಾಮನ್ ಸಾಧಿಸಿದರು. ಕಲ್ಮಶವೇ ಕಾರಣವೆಂಬ ಮಾತು ಅವರಿಗೆ ಒಪ್ಪಿಗೆಯಾಗಲಿಲ್ಲ. 1959ರಲ್ಲಿ ಕೈಸರ್ ಮತ್ತು ಬಾಂಡ್ ಎಂಬ ವಿಜ್ಞಾನಿಗಳು ವಜ್ರದಲ್ಲಿ ಸಾರಜನಕ ಅಡಗಿರುವುದನ್ನು ತೋರಿಸಿದ ಮೇಲೂ ಅವರು ಮಣಿಯಲಿಲ್ಲ. ಅನ್ನಾ ಮಣಿ ಅಳೆದ 415 ನ್ಯಾನೋಮೀಟರಿನ ನೀಲಿ, 503ರ ಹಸಿರು ಗೆರೆಗಳು ಸಾರಜನಕ ಮತ್ತು ಪರಮಾಣುವಿಲ್ಲದ ಖಾಲಿ ಸ್ಥಾನ ಒಂದೆಡೆ ಸೇರಿದ ದೋಷಗಳವು ಎಂಬುದು ಈಗ ಸರ್ವವಿದಿತ.

ಅದೇ ಕುಲದ ಇನ್ನೊಂದು ದೋಷವನ್ನು ಇಂದು ಬೇಕೆಂದೇ ಸೃಷ್ಟಿಸುತ್ತಾರೆ. ಶುದ್ಧ ವಜ್ರದೊಳಕ್ಕೆ ಸಾರಜನಕದ ಅಯಾನುಗಳನ್ನು ಕೆಲವು ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಿಂದ ಹೊಡೆದರೆ ಅವು ಮೇಲ್ಮೈಯಿಂದ ಸುಮಾರು ಹತ್ತು ನ್ಯಾನೋಮೀಟರ್ ಆಳದಲ್ಲಿ ನಿಲ್ಲುತ್ತವೆ. ನಿರ್ವಾತದಲ್ಲಿ 800 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ ಕಾಯಿಸಿದಾಗ ಖಾಲಿ ಸ್ಥಾನಗಳು ಅಲೆದು ಸಾರಜನಕದ ಮಗ್ಗುಲಿಗೆ ಬಂದು ನೆಲೆಸುತ್ತವೆ. ಹಸಿರು ಲೇಸರ್ ತಾಗಿದಾಗ ಆ ಜೋಡಿ ಕೆಂಪಾಗಿ ಹೊಳೆಯುತ್ತದೆ. ಹೊಳಪಿನ ಏರಿಳಿತ ಅಲ್ಲಿನ ಎಲೆಕ್ಟ್ರಾನುಗಳ ಸ್ಪಿನ್ ಸ್ಥಿತಿಯನ್ನು ತಿಳಿಸುತ್ತದೆ. ಹೀಗೆ ಸಾಮಾನ್ಯ ಕೊಠಡಿಯ ಉಷ್ಣತೆಯಲ್ಲೇ ಅತಿ ಕ್ಷೀಣ ಕಾಂತಕ್ಷೇತ್ರಗಳನ್ನು ಅಳೆಯಬಹುದು. ದೋಷ ಮೇಲ್ಮೈಗೆ ಹತ್ತಿರವಿದ್ದಷ್ಟೂ ಹೊರಗಿನ ಅಣುವಿನ ಸಂಕೇತ ಸ್ಪಷ್ಟ. ಆದರೆ ಮೇಲ್ಮೈಯ ಗದ್ದಲವೂ ಅಷ್ಟೇ ಸಮೀಪ. ಅದು ಸ್ಪಿನ್‌ನ ಲಯವನ್ನು ಬೇಗ ಕೆಡಿಸುತ್ತದೆ. ಈ ಇಬ್ಬಂದಿಯನ್ನು ಗೆಲ್ಲುವುದೇ ಈಗಿನ ಸವಾಲು.

2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ, ಆರು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ರಾಷ್ಟ್ರೀಯ ಕ್ವಾಂಟಮ್ ಅಭಿಯಾನದ ಗುರಿಗಳಲ್ಲಿ ಇಂಥ ಸೂಕ್ಷ್ಮ ಮಾಪಕಗಳೂ ಸೇರಿವೆ. ಹಣ ಬೇಕು, ನಿಜ. ಅದರ ಜೊತೆಗೆ ಫಲಕದ ಮುಂದೆ ಇಪ್ಪತ್ತು ಗಂಟೆ ಕಾಯುವ ತಾಳ್ಮೆಯೂ, ಹಿರಿಯರ ಮಾತನ್ನು ಅಳತೆಯ ಆಧಾರದಿಂದ ಅಲ್ಲಗಳೆಯುವ ಧೈರ್ಯವೂ ಬೇಕು. ಮೊದಲನೆಯದನ್ನು ರಾಮನ್ ಅವರ ಪ್ರಯೋಗಾಲಯ ಧಾರಾಳವಾಗಿ ಕಲಿಸಿತು. ಎರಡನೆಯದಕ್ಕೆ ಅಲ್ಲಿ ಎಷ್ಟು ಎಡೆಯಿತ್ತು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ.

1970ರ ನವೆಂಬರ್ 21ರಂದು ತೀರಿಕೊಂಡ ರಾಮನ್ ಅವರ ಅಂತ್ಯಕ್ರಿಯೆ ಅವರ ಸಂಸ್ಥೆಯ ಆವರಣದಲ್ಲೇ ನಡೆಯಿತು. ಆ ಜಾಗವನ್ನು ಗುರುತಿಸುವುದು ಒಂದು ಮರ. ಪ್ರತಿ ಫೆಬ್ರುವರಿಯಲ್ಲಿ ನಮ್ಮ ಶಾಲೆಗಳು ಅವರ ಗೆಲುವಿನ ಕಥೆಯನ್ನು ಹೇಳುತ್ತವೆ. ವಜ್ರದ ಕಥೆಯನ್ನೂ ಹೇಳಲಿ, ಅದರಲ್ಲಿನ ತಪ್ಪನ್ನು ಮರೆಮಾಚದೆ. ದೊಡ್ಡವರೂ ತಪ್ಪುತ್ತಾರೆ, ಆದರೆ ಪ್ರಾಮಾಣಿಕವಾಗಿ ಮಾಡಿದ ಅಳತೆ ವ್ಯರ್ಥವಾಗುವುದಿಲ್ಲ ಎಂಬುದು ಮಕ್ಕಳಿಗೆ ತಿಳಿಯಬೇಕು.